ಹಬ್ಬದ ಗೊಂಬೆಯೂ ಸೂತ್ರ ಹಿಡಿದ ಕೈಯೂ

ಹೋದವರು ಮರಳಿ ಬರುವ ದಿನಕ್ಕೆ ನಮ್ಮಲ್ಲಿ ಹಬ್ಬವೆಂದು ಹೆಸರು. ಕೊಟ್ಟ ಮನೆಗೆ ಹೋದ ಮಗಳು ಗೌರಿಹಬ್ಬಕ್ಕೆ ತವರಿಗೆ ಬರುತ್ತಾಳೆ. ಕೆಲಸಕ್ಕೆಂದು ಊರು ಬಿಟ್ಟ ಮಗ ದೀಪಾವಳಿಗೆ ಬರುತ್ತಾನೆ. ಮನುಷ್ಯರ ಮಾತಂತಿರಲಿ, ಗೊಂಬೆಗಳೂ ಬರುತ್ತವೆ. ಜಯನಗರ, ಬನಶಂಕರಿಗಳ ಹಳೆಯ ಮನೆಗಳಲ್ಲಿ ನವರಾತ್ರಿ ಸಮೀಪಿಸಿತೆಂದರೆ ಅಟ್ಟದ ಮೇಲಿನ ಪೆಟ್ಟಿಗೆ ಕೆಳಗಿಳಿಯುತ್ತದೆ. ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿಟ್ಟಿದ್ದ ಪಟ್ಟದ ರಾಜ-ರಾಣಿಯರು, ಅಂಗಡಿ ಹೂಡಿದ ಶೆಟ್ಟಿ ದಂಪತಿಗಳು, ದಶಾವತಾರದ ಸಾಲು, ಎಲ್ಲರೂ ಒಬ್ಬೊಬ್ಬರಾಗಿ ಹೊರಬಂದು ಮೆಟ್ಟಿಲುಗಳ ಮೇಲೆ ತಮ್ಮ ತಮ್ಮ ಸ್ಥಾನ ಹಿಡಿಯುತ್ತಾರೆ. ಮಕ್ಕಳು ಮನೆಯಿಂದ ಮನೆಗೆ ಹೋಗಿ, “ಗೊಂಬೆ ಕೂರಿಸಿದ್ದೀರಾ?” ಎಂದು ಕೇಳಿ, ನೋಡಿ, ಕೊಟ್ಟ ಬಾಗಿನದ ತಿಂಡಿಯನ್ನು ಕಟ್ಟಿಕೊಂಡು ಬರುತ್ತಾರೆ. ಕಳೆದ ವರ್ಷ ನೋಡಿದ ಗೊಂಬೆಯನ್ನೇ ಈ ವರ್ಷವೂ ನೋಡುವುದರಲ್ಲಿ ಏನು ಸ್ವಾರಸ್ಯವೆಂದು ಯಾವ ಮಗುವೂ ಕೇಳಿದ್ದಿಲ್ಲ. ಹಳೆಯ ಗೆಳೆಯರನ್ನು ಮತ್ತೆ ಕಾಣುವುದೇ ಅಲ್ಲಿನ ಸ್ವಾರಸ್ಯ.

ಅಮೆರಿಕ ದೇಶದಲ್ಲಿ ಇಂಥ ಪುನರಾಗಮನಕ್ಕೆ ಸುಮಾರು ಅರವತ್ತು ವರ್ಷಗಳಿಂದ ಇನ್ನೊಂದು ದಾರಿಯುಂಟು. ಅದು ಟೆಲಿವಿಷನ್ನಿನ ದಾರಿ. ಕ್ರಿಸ್‌ಮಸ್ ಸಮೀಪಿಸಿದಾಗ, ಮಕ್ಕಳು ಚಿತ್ರಮಂದಿರದಲ್ಲಿ ನೋಡಿ ಮೆಚ್ಚಿಕೊಂಡಿದ್ದ ಕಥಾಪಾತ್ರಗಳು ಅರ್ಧ ಗಂಟೆಯ ಒಂದು ಪುಟ್ಟ ಕಥೆಯನ್ನು ಹೊತ್ತು ಮನೆಗೇ ಬರುತ್ತವೆ. ಅಲ್ಲಿನವರು ಇದನ್ನು ‘ಹಾಲಿಡೇ ಸ್ಪೆಷಲ್’ ಎನ್ನುತ್ತಾರೆ. ನಾವು ‘ಹಬ್ಬದ ವಿಶೇಷ’ ಎಂದು ಕರೆದುಕೊಳ್ಳೋಣ. ಬಹುಮಟ್ಟಿಗೆ ಇದು ಅನಿಮೇಷನ್ ವಿದ್ಯೆಯಿಂದ, ಎಂದರೆ ಚಿತ್ರಕ್ಕೋ ಗೊಂಬೆಗೋ ಜೀವ ಬರಿಸುವ ವಿದ್ಯೆಯಿಂದ, ತಯಾರಾದದ್ದು. ದೂರದೇಶದ ಈ ಪದ್ಧತಿಯ ಚರಿತ್ರೆಯಿಂದ ನಮಗೇನಾಗಬೇಕು ಎಂದು ತಾವು ಕೇಳಬಹುದು. ಆ ಚರಿತ್ರೆಯ ಕೆಲವು ಪುಟಗಳು ಬರೆಯಲ್ಪಟ್ಟದ್ದು ನಮ್ಮ ಬೆಂಗಳೂರಿನಲ್ಲಿ. ಬರೆದವರು ನಮ್ಮ ನೆರೆಹೊರೆಯ ಬಡಾವಣೆಗಳಲ್ಲಿ ಬಾಡಿಗೆಗಿದ್ದ ತರುಣ ತರುಣಿಯರು. ಈ ಸಂಗತಿ ನಮ್ಮ ಮನೆಗಳಲ್ಲಿ ಅಷ್ಟಾಗಿ ತಿಳಿದಿಲ್ಲ.

ಮೊದಲು ಇಂಥ ಒಂದು ಹಬ್ಬದ ವಿಶೇಷ ಹೇಗಿರುತ್ತದೆಂದು ನೋಡೋಣ. ಹಿಕ್ಕಪ್ ಎಂಬ ಹುಡುಗನಿಗೂ ಟೂತ್‌ಲೆಸ್ ಎಂಬ ಡ್ರ್ಯಾಗನ್ನಿಗೂ ಬೆಳೆದ ಸ್ನೇಹವನ್ನು ಹೇಳುವ ಮೂರು ದೊಡ್ಡ ಚಿತ್ರಗಳು 2010, 2014 ಮತ್ತು 2019ರಲ್ಲಿ ಬಂದವು. ಡ್ರ್ಯಾಗನ್ ಎಂದರೆ ಬೆಂಕಿಯುಗುಳುವ, ರೆಕ್ಕೆಯುಳ್ಳ ಘಟಸರ್ಪ. ಮೂರನೆಯ ಚಿತ್ರದ ಅಂತ್ಯದಲ್ಲಿ ಗೆಳೆಯರಿಬ್ಬರೂ ಅಗಲುತ್ತಾರೆ. ಅದೇ 2019ರ ಡಿಸೆಂಬರ್ 3ರಂದು ಅಮೆರಿಕದ ಎನ್.ಬಿ.ಸಿ. ಜಾಲದಲ್ಲಿ ‘ಹೋಮ್‌ಕಮಿಂಗ್’, ಎಂದರೆ ‘ಮನೆಗೆ ಮರಳುವುದು’, ಎಂಬ ಹಬ್ಬದ ವಿಶೇಷ ಪ್ರಸಾರವಾಯಿತು. ಕಥೆಯಲ್ಲಿ ಹತ್ತು ವರ್ಷ ಕಳೆದಿದೆ. ಹಿಕ್ಕಪ್ಪನಿಗೆ ಮಕ್ಕಳಾಗಿದ್ದಾರೆ. ಡ್ರ್ಯಾಗನ್ನುಗಳೊಡನೆ ಬೆಳೆಯದ ಆ ಮಕ್ಕಳು ಅಜ್ಜ ಬರೆದಿಟ್ಟ ಹಳೆಯ ದಿನಚರಿಯನ್ನು ಓದಿ, ಅವು ದುಷ್ಟಮೃಗಗಳೆಂದೇ ನಂಬುತ್ತಾರೆ. ಅವರ ಭಯವನ್ನು ಬಿಡಿಸುವುದು ಹೇಗೆ? ಊರಿನ ಹಬ್ಬಕ್ಕೆ ಒಂದು ನಾಟಕವಾಡುವುದೆಂದು ತೀರ್ಮಾನವಾಗುತ್ತದೆ. ಹಿಕ್ಕಪ್ ತನ್ನ ಹಳೆಯ ಗೆಳೆಯನ ಅಳತೆಯಲ್ಲೇ ಒಂದು ಯಂತ್ರದ ಗೊಂಬೆ ಕಟ್ಟಿ ರಂಗದ ಮೇಲೆ ಆಡಿಸುತ್ತಾನೆ. ಆಟ ನಡೆಯುತ್ತಿರುವಾಗ, ಗೆಳೆಯನನ್ನು ಹುಡುಕಿಕೊಂಡು ಬಂದ ನಿಜವಾದ ಟೂತ್‌ಲೆಸ್ಸೇ ಗೊಂಬೆಯ ಜಾಗದಲ್ಲಿ ನಿಲ್ಲುತ್ತದೆ.

ಕಥೆ ಇಷ್ಟೆ. ಗೊಂಬೆಯಾಟದ ನಾಡಿನವರಾದ ನಮಗೆ ಇದು ಹೊಸದಲ್ಲ. ಗೊಂಬೆಯನ್ನು ಶ್ರದ್ಧೆಯಿಂದ ಆಡಿಸಿದರೆ ಅದರೊಳಗೆ ದೇವರೋ ವೀರನೋ ನಿಜವಾಗಿ ಬಂದು ನಿಲ್ಲುತ್ತಾನೆ ಎಂಬ ನಂಬಿಕೆ ತೊಗಲುಗೊಂಬೆಯವರಲ್ಲಿ ಹಳೆಯದು. ನಾವು ಕೇಳಬೇಕಾದದ್ದು ಬೇರೊಂದು ಪ್ರಶ್ನೆ. ತೆರೆಯ ಮೇಲಿನ ಗೊಂಬೆಯನ್ನು ಹಿಕ್ಕಪ್ ಆಡಿಸಿದ, ಸರಿ. ಆ ಹಿಕ್ಕಪ್ಪನನ್ನೇ ಆಡಿಸಿದವರು ಯಾರು? ಹಬ್ಬದ ವಿಶೇಷಗಳ ಚರಿತ್ರೆಯುದ್ದಕ್ಕೂ ಈ ಪ್ರಶ್ನೆಗೆ ಬರುವ ಉತ್ತರ ವಿಚಿತ್ರವಾಗಿದೆ.

ಟೆಲಿವಿಷನ್ನಿಗೆಂದೇ ತಯಾರಾದ ಮೊದಲ ಕ್ರಿಸ್‌ಮಸ್ ಅನಿಮೇಷನ್ 1962ರ ಡಿಸೆಂಬರಿನಲ್ಲಿ ಪ್ರಸಾರವಾಯಿತು. ಅದರ ನಾಯಕ, ಕಣ್ಣು ಮಂಜಾದ ಮಿಸ್ಟರ್ ಮಗೂ ಎಂಬ ಮುದುಕ. ಅವನು 1949ರಿಂದಲೂ ಚಿತ್ರಮಂದಿರಗಳಲ್ಲಿ ಜನರನ್ನು ನಗಿಸುತ್ತಿದ್ದ ಹಳೆಯ ಪರಿಚಯದವನೇ. ಹಳೆಯ ಗೆಳೆಯನನ್ನು ಹಬ್ಬದ ದಿನ ಮನೆಗೆ ಕರೆಯುವ ಕ್ರಮ ಹೀಗೆ ಮೊದಲ ಹೆಜ್ಜೆಯಲ್ಲಿಯೇ ಬಂದಿತು. ಎರಡು ವರ್ಷಗಳ ತರುವಾಯ, 1964ರ ಡಿಸೆಂಬರ್ 6ರಂದು, ಕೆಂಪು ಮೂಗಿನ ರುಡಾಲ್ಫ್ ಎಂಬ ಹಿಮಸಾರಂಗದ ಕಥೆ ಬಂದಿತು. ರುಡಾಲ್ಫನೂ ಹಳಬನೇ: 1939ರಲ್ಲಿ ಒಂದು ದೊಡ್ಡ ಅಂಗಡಿಯವರು ಮಕ್ಕಳಿಗೆ ಹಂಚಲೆಂದು ಬರೆಸಿದ ಪುಸ್ತಕದಲ್ಲಿ ಹುಟ್ಟಿದವನು. 1965ರಲ್ಲಿ ಚಾರ್ಲಿ ಬ್ರೌನ್, 1966ರಲ್ಲಿ ಗ್ರಿಂಚ್. ಇವರೆಲ್ಲರೂ ಅಲ್ಲಿಂದೀಚೆಗೆ ವರ್ಷವರ್ಷವೂ ಮರಳಿ ಬರತೊಡಗಿದರು. ನಮ್ಮ ಪಟ್ಟದ ಗೊಂಬೆಗಳ ಹಾಗೆಯೇ ಪೆಟ್ಟಿಗೆಯಿಂದ ಹೊರಬಂದು, ಹಬ್ಬ ಮುಗಿದ ಮೇಲೆ ಪೆಟ್ಟಿಗೆಗೆ ಸೇರಿದರು.

ಇವರಲ್ಲಿ ರುಡಾಲ್ಫನ ಸಂಗತಿ ನಮ್ಮ ವಿಷಯಕ್ಕೆ ಮುಖ್ಯವಾದುದು. ಅವನದು ಬರೆದ ಚಿತ್ರವಲ್ಲ, ಗೊಂಬೆಯ ಚಿತ್ರ. ಗೊಂಬೆಯ ಕೈಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ, ಮತ್ತೆ ಸರಿಸಿ ಇನ್ನೊಂದು ಫೋಟೋ, ಹೀಗೆ ಸಾವಿರಾರು ಫೋಟೋಗಳನ್ನು ಓಡಿಸಿದಾಗ ಗೊಂಬೆ ನಡೆದಂತೆ ಕಾಣುತ್ತದೆ. ಕಥೆ ಬರೆದದ್ದೂ ಧ್ವನಿ ಕೊಟ್ಟದ್ದೂ ಅಟ್ಲಾಂಟಿಕ್ಕಿನ ಆಚೆಯವರು. ಆದರೆ ಗೊಂಬೆಯನ್ನು ಸರಿಸಿದ ಬೆರಳುಗಳು ಜಪಾನಿನವು. ತದಾಹಿತೊ ಮೊಚಿನಾಗ ಎಂಬ ಗೊಂಬೆಚಿತ್ರಗಳ ಗುರು ಟೋಕಿಯೋದ ತಮ್ಮ ಕಾರ್ಯಶಾಲೆಯಲ್ಲಿ ಶಿಷ್ಯರೊಡನೆ ಕುಳಿತು ಆ ಕೆಲಸವನ್ನು ಮಾಡಿಸಿದರು. ಅದಕ್ಕೆ ಮೊದಲು ಅವರು ಚೀನಾದಲ್ಲಿಯೂ ಹಲವು ವರ್ಷ ದುಡಿದು ಅಲ್ಲಿನವರಿಗೆ ಈ ವಿದ್ಯೆ ಕಲಿಸಿದವರು. ಅಮೆರಿಕದ ಮನೆಮನೆಯ ಕ್ರಿಸ್‌ಮಸ್ ಗೆಳೆಯನಿಗೆ ಜೀವ ಕೊಟ್ಟವರು ಕ್ರಿಸ್‌ಮಸ್ ತಮ್ಮ ಮನೆಯ ಹಬ್ಬವಲ್ಲದ ನಾಡಿನವರು. ಆ ರಾತ್ರಿ ನೋಡಿ ಸಂತೋಷಪಟ್ಟ ಮಕ್ಕಳಲ್ಲಿ ಎಷ್ಟು ಮಂದಿಗೆ ಮೊಚಿನಾಗರ ಹೆಸರು ಗೊತ್ತಿದ್ದೀತು?

ಆ ಕಾಲಕ್ಕೆ ಬೆಂಗಳೂರಿನಲ್ಲಿ ಟೆಲಿವಿಷನ್ ಎಂಬ ವಸ್ತುವೇ ಇರಲಿಲ್ಲ. 1955ರಲ್ಲಿ ಇಲ್ಲಿ ಆಕಾಶವಾಣಿ ನಿಲಯ ಆರಂಭವಾಗಿತ್ತು. ರುಡಾಲ್ಫ್ ಟೋಕಿಯೋದಲ್ಲಿ ಮೈಮುರಿದು ಏಳುತ್ತಿದ್ದಾಗ ಜಯನಗರದ ಮಕ್ಕಳು ರೇಡಿಯೋದ ಮುಂದೆ ಕುಳಿತು ನಾಟಕ ಕೇಳುತ್ತಿದ್ದರು. ಆ ಬಡಾವಣೆಗೇ ಆಗ ಹದಿನಾರು ವರ್ಷ. ಅದಕ್ಕೆ ರಾಜಾಜಿಯವರು ಅಡಿಗಲ್ಲಿಟ್ಟದ್ದು 1948ರಲ್ಲಿ. ಟೆಲಿವಿಷನ್ ಕೇಂದ್ರ ನಮ್ಮ ಊರಿಗೆ ಬಂದದ್ದು 1981ರಲ್ಲಿ. ಆದುದರಿಂದ ಹಬ್ಬದ ವಿಶೇಷಗಳ ಮೊದಲ ಇಪ್ಪತ್ತು ವರ್ಷಗಳ ಕಥೆಯಲ್ಲಿ ನಮಗೆ ನೋಡುಗರ ಪಾತ್ರವೂ ಇಲ್ಲ. ನೋಡುಗರಾಗುವುದರ ಹಿಂದೆಯೇ ನಾವು ಆಡಿಸುವವರಾದೆವು ಎಂಬುದೇ ಇಲ್ಲಿನ ಚಮತ್ಕಾರ.

ಅದು ನಡೆದ ಬಗೆ ಹೀಗೆ. 2001ರಲ್ಲಿ ಡ್ರೀಮ್‌ವರ್ಕ್ಸ್ ಎಂಬ ಅಮೆರಿಕದ ಚಿತ್ರಶಾಲೆಯವರು ಶ್ರೆಕ್ ಎಂಬ ಹಸಿರು ಮೈಯ ರಕ್ಕಸನ ಕಥೆಯನ್ನು ತಂದರು. ಅಡುಗೂಲಜ್ಜಿಯ ಕಥೆಗಳ ರಾಜಕುಮಾರಿ, ಮಾತನಾಡುವ ಕತ್ತೆ ಎಲ್ಲವೂ ಅದರಲ್ಲಿದ್ದುವು. ಜನ ಮೆಚ್ಚಿದರು, ಚಿತ್ರಗಳ ಸರಣಿಯೇ ಬೆಳೆಯಿತು. ಆದರೆ ಒಂದು ದೊಡ್ಡ ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಮಕ್ಕಳ ನೆನಪು ಅಷ್ಟು ಕಾಲ ಕಾಯುವುದಿಲ್ಲ. ಗೊಂಬೆ, ಅಂಗಿ, ಪುಸ್ತಕ ಮಾರುವ ವ್ಯಾಪಾರವಂತೂ ಕಾಯುವುದೇ ಇಲ್ಲ. ಹಬ್ಬದ ದಿನ ಗೆಳೆಯರನ್ನು ಮನೆಗೆ ಕಳುಹಿಸಿದರೆ ಸ್ನೇಹವೂ ಉಳಿಯುತ್ತದೆ, ವ್ಯಾಪಾರವೂ ನಡೆಯುತ್ತದೆ. 2007ರ ನವೆಂಬರಿನಲ್ಲಿ ಶ್ರೆಕ್ ಮೊದಲ ಬಾರಿಗೆ ಕ್ರಿಸ್‌ಮಸ್ ವಿಶೇಷದಲ್ಲಿ ಕಾಣಿಸಿಕೊಂಡ.

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಪ್ಯಾಪ್ರಿಕಾಸ್ ಎಂಬ ಅನಿಮೇಷನ್ ಸಂಸ್ಥೆ ಹೆಸರು ಮಾಡುತ್ತಿತ್ತು. ಟೆಕ್ನಿಕಲರ್ ಎಂಬ ಹಳೆಯ ಹೆಸರಿನ ವಿದೇಶೀ ಸಂಸ್ಥೆ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಚಲನಚಿತ್ರಕ್ಕೆ ಬಣ್ಣ ತಂದ ಹೆಸರೆಂದು ಹಿರಿಯರಿಗೆ ಅದು ನೆನಪಿದ್ದೀತು. 2008ರ ಸುಮಾರಿಗೆ ಡ್ರೀಮ್‌ವರ್ಕ್ಸ್ ಈ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು, ತನ್ನ ಕೆಲಸಕ್ಕೆಂದೇ ಮೀಸಲಾದ ಒಂದು ಘಟಕವನ್ನು ಬೆಂಗಳೂರಿನಲ್ಲಿ ಏರ್ಪಡಿಸಿತು. ಆ ಘಟಕದವರ ಕೈಗೆ ಮೊದಲು ಬಂದದ್ದು ದೊಡ್ಡ ಚಿತ್ರಗಳಲ್ಲ, ಹಬ್ಬದ ವಿಶೇಷಗಳೇ. 2009ರ ನವೆಂಬರ್ 17ರಂದು ಪ್ರಸಾರವಾದ ‘ಮೆರಿ ಮಡಗಾಸ್ಕರ್’. 2010ರ ಅಕ್ಟೋಬರ್ 28ರಂದು ಬಂದ ‘ಸ್ಕೇರ್ಡ್ ಶ್ರೆಕ್‌ಲೆಸ್’. ಅದೇ ವರ್ಷದ ನವೆಂಬರ್ 24ರ ‘ಕುಂಗ್ ಫೂ ಪಾಂಡಾ ಹಾಲಿಡೇ’. ಸಿಂಹ, ಜೀಬ್ರಾ, ಹಸಿರು ರಕ್ಕಸ, ಮಲ್ಲಯುದ್ಧದ ಕರಡಿ, ಹೀಗೆ ಅಮೆರಿಕದ ಮಕ್ಕಳ ಹಳೆಯ ಗೆಳೆಯರೆಲ್ಲ ಹಬ್ಬಕ್ಕೆ ಮನೆ ಸೇರುವ ಮುನ್ನ ಬೆಂಗಳೂರನ್ನು ಹಾದುಹೋದರು. ಇವುಗಳಲ್ಲಿ ಪಾಂಡಾ ಕಥೆಯನ್ನು ನಿರ್ದೇಶಿಸಿದ ಟಿಮ್ ಜಾನ್ಸನ್ನರೇ ಒಂಬತ್ತು ವರ್ಷಗಳ ಬಳಿಕ ಮೇಲೆ ಹೇಳಿದ ಡ್ರ್ಯಾಗನ್ ವಿಶೇಷವನ್ನೂ ನಿರ್ದೇಶಿಸಿದರು.

ಈ ಚಿಕ್ಕ ಕೆಲಸಗಳಲ್ಲಿ ಕೈ ಪಳಗಿದ ಮೇಲೆ ದೊಡ್ಡದು ಬಂತು. 2011ರಲ್ಲಿ ತೆರೆಕಂಡ ‘ಪುಸ್ ಇನ್ ಬೂಟ್ಸ್’ ಚಿತ್ರದ ಮೂರು ಮುಖ್ಯ ದೃಶ್ಯಗಳ ಮೇಲೆ ಬೆಂಗಳೂರಿನ ಘಟಕದವರು ಆರು ತಿಂಗಳು ದುಡಿದರು. ತನ್ನ ದೊಡ್ಡ ಚಿತ್ರವೊಂದರ ಕೆಲಸವನ್ನು ಡ್ರೀಮ್‌ವರ್ಕ್ಸ್ ಇಲ್ಲಿನವರಿಗೆ ಒಪ್ಪಿಸಿದ್ದು ಅದೇ ಮೊದಲು. ಇಲ್ಲಿ ಖರ್ಚು ಕಡಿಮೆ ಎಂಬುದು ಒಂದು ಕಾರಣ, ನಿಜ. ಆದರೆ ಖರ್ಚು ಕಡಿಮೆಯೆಂದು ಯಾರೂ ತಮ್ಮ ಮನೆಯ ಚಿನ್ನವನ್ನು ಕೈ ಬಾರದ ಅಕ್ಕಸಾಲಿಗನಿಗೆ ಕೊಡುವುದಿಲ್ಲವಷ್ಟೆ.

ಈ ಕೆಲಸ ಎಂಥದು? ಅರ್ಧ ಗಂಟೆಯ ಪ್ರಸಾರದಲ್ಲಿ ಜಾಹೀರಾತುಗಳನ್ನು ಕಳೆದರೆ ಕಥೆಗೆ ಉಳಿಯುವುದು ಸುಮಾರು 22 ನಿಮಿಷ. ಒಂದು ಸೆಕೆಂಡಿಗೆ 24 ಚಿತ್ರಗಳ ಲೆಕ್ಕದಲ್ಲಿ ಒಟ್ಟು 31,680 ಚಿತ್ರಗಳು ಬೇಕು. ಕಂಪ್ಯೂಟರ್ ಇದ್ದ ಮಾತ್ರಕ್ಕೆ ಅವು ತಾವಾಗಿಯೇ ಹುಟ್ಟುವುದಿಲ್ಲ. ಮೊದಲು ಪಾತ್ರದ ಮೈಯನ್ನು ಶಿಲ್ಪದಂತೆ ಕಡೆಯಬೇಕು. ಅದರೊಳಗೆ ಮೂಳೆಯ ಚೌಕಟ್ಟನ್ನು ಕೂಡಿಸಿ, ಎಲ್ಲಿ ಎಳೆದರೆ ಹುಬ್ಬು ಏಳಬೇಕು, ಎಲ್ಲಿ ಎಳೆದರೆ ತುಟಿ ಕೊಂಕಬೇಕು ಎಂದು ನೂರಾರು ಹಿಡಿಕೆಗಳನ್ನು ಕಟ್ಟಬೇಕು. ಅನಂತರ ಅನಿಮೇಟರನು ಆ ಹಿಡಿಕೆಗಳನ್ನು ಹಿಡಿದು, ಒಂದೊಂದೇ ಚಿತ್ರಕ್ಕೆ ಸರಿಸಿ, ನಟಿಸುತ್ತಾನೆ. ಅವನು ನಟನೇ ಸರಿ, ತನ್ನ ಮೈಯಿಂದ ನಟಿಸುವುದಿಲ್ಲ, ಅಷ್ಟೆ. ಕೊನೆಗೆ ಬೆಳಕು ಹಾಕುವವರು, ಕೂದಲು ಬಟ್ಟೆಗಳನ್ನು ಗಾಳಿಗೆ ಆಡಿಸುವವರು, ಎಲ್ಲವನ್ನೂ ಒಂದು ಮಾಡಿ ಕಲೆ ಕಾಣದಂತೆ ಬೆಸೆಯುವವರು ಬರುತ್ತಾರೆ.

ಗೊಂಬೆಯಾಟವನ್ನು ಬಲ್ಲವರಿಗೆ ಈ ವಿವರಣೆಯಲ್ಲಿ ಯಾವ ಮಾತೂ ಅಪರಿಚಿತವಾಗಿ ಕೇಳಿಸದು. ಬೆಂಗಳೂರಿನವರೇ ಆದ ಎಂ. ಆರ್. ರಂಗನಾಥರಾಯರು ಸೂತ್ರವನ್ನೂ ಸಲಾಕೆಯನ್ನೂ ಕೂಡಿಸಿದ ಗೊಂಬೆಯಾಟಕ್ಕೆ ಪ್ರಸಿದ್ಧರು. ಆ ಪದ್ಧತಿಯಲ್ಲಿ ಗೊಂಬೆಯ ಭಾರ ಸೂತ್ರದ ಮೇಲೆ ನಿಲ್ಲುತ್ತದೆ, ಕೈಗಳು ಸಲಾಕೆಯಿಂದ ಚಲಿಸುತ್ತವೆ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಕಾಮತರ ಮನೆತನದಲ್ಲಿ ಯಕ್ಷಗಾನದ ಹೆಜ್ಜೆಯನ್ನು ಗೊಂಬೆಯ ಕಾಲಿಗೆ ಇಳಿಸುವ ವಿದ್ಯೆ ತಲೆಮಾರುಗಳಿಂದ ನಡೆದುಬಂದಿದೆ. ದಾರದ ಬದಲು ಗಣಿತ, ಸಲಾಕೆಯ ಬದಲು ಹಿಡಿಕೆ. ತಾಳ್ಮೆ ಮಾತ್ರ ಅದೇ.

ಕೆಲಸದ ಹೊತ್ತೂ ವಿಚಿತ್ರವೇ. ಚಳಿಗಾಲದಲ್ಲಿ ಬೆಂಗಳೂರಿನ ಬೆಳಗ್ಗೆ ಒಂಬತ್ತೆಂದರೆ ಲಾಸ್ ಏಂಜಲೀಸಿನಲ್ಲಿ ಹಿಂದಿನ ದಿನದ ರಾತ್ರಿ ಏಳೂವರೆ. ಅಲ್ಲಿನ ನಿರ್ದೇಶಕನ ದಿನ ಮುಗಿಯುವಾಗ ಇಲ್ಲಿನವರ ದಿನ ಆರಂಭ. ಟೆಕ್ನಿಕಲರಿನ ಕಚೇರಿ ಇದ್ದದ್ದು ಊರಿನ ಪೂರ್ವದ ಅಂಚಿನ ವೈಟ್‌ಫೀಲ್ಡ್ ಕಡೆ. ಅಲ್ಲಿಗೆ ಬಿ.ಟಿ.ಎಂ. ಬಡಾವಣೆ, ಜೆ.ಪಿ. ನಗರ, ಬನಶಂಕರಿಗಳ ಬಾಡಿಗೆ ಕೋಣೆಗಳಿಂದ ಹೊರವರ್ತುಲ ರಸ್ತೆಯ ಬಸ್ಸು ಹಿಡಿದು ಹೋಗಬೇಕು. ಆ ದಾರಿಯ ವಾಹನ ದಟ್ಟಣೆಯ ವಿಷಯ ತಮಗೆ ಹೇಳಬೇಕಾದ್ದಿಲ್ಲ. ಬೇಸಗೆಯ ಬಿಸಿಲಿನಲ್ಲಿ ಈ ಪ್ರಯಾಣ ಮಾಡಿ ಹೋಗಿ, ಒಳಗೆ ಕುಳಿತು, ಎಂದೂ ಕಾಣದ ಹಿಮವನ್ನು ಗೊಂಬೆಗಳ ಹೆಗಲ ಮೇಲೆ ಉದುರಿಸುವ ಉದ್ಯೋಗ!

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬೆಂಗಳೂರಿನ ಕೈಗಳಿಂದ ಆಡಿದ ಈ ಗೆಳೆಯರು ಬೆಂಗಳೂರಿನ ಮಕ್ಕಳೊಡನೆ ಯಾವ ಭಾಷೆಯಲ್ಲಿ ಮಾತನಾಡಿದರು? ಕನ್ನಡದಲ್ಲಿ ಹೊರಭಾಷೆಯ ಚಿತ್ರಗಳಿಗೆ ಧ್ವನಿ ಬದಲಿಸುವ ರೂಢಿ 1960ರ ದಶಕದ ಚಳವಳಿಯ ತರುವಾಯ ನಿಂತುಹೋಗಿತ್ತು. ನಮ್ಮ ನಟರಿಗೂ ತಂತ್ರಜ್ಞರಿಗೂ ಅನ್ನ ಉಳಿಯಬೇಕೆಂಬುದು ಅದರ ಹಿಂದಿನ ಕಳಕಳಿ. ಆ ಕಳಕಳಿಗೆ ಅರ್ಥವಿದ್ದಿತು. ಆದರೆ ಅದರ ಬೆಲೆಯನ್ನು ತೆತ್ತವರಲ್ಲಿ ಮಕ್ಕಳೂ ಸೇರಿದರು. 2009ರಲ್ಲಿ ಆರಂಭವಾದ ಚಿಂಟು ಟಿ.ವಿ.ಯಲ್ಲಿ ಕೆಲವು ಕಾರ್ಟೂನುಗಳು ಕನ್ನಡ ಮಾತನಾಡಿದವು ಎಂಬುದನ್ನು ಬಿಟ್ಟರೆ, ದೊಡ್ಡ ಅನಿಮೇಷನ್ ಚಿತ್ರಗಳನ್ನು ನಮ್ಮ ಹುಡುಗರು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ನೋಡಿದರು. 2015ರಲ್ಲಿ ಭಾರತದ ಸ್ಪರ್ಧಾ ಆಯೋಗವು ಧ್ವನಿ ಬದಲಿಸುವುದನ್ನು ತಡೆಯುವುದು ಸರಿಯಲ್ಲವೆಂದು ತೀರ್ಪು ಕೊಟ್ಟ ಮೇಲೆ ಪರಿಸ್ಥಿತಿ ಮೆಲ್ಲಮೆಲ್ಲನೆ ಬದಲಾಯಿತು. ಅದು ಬದಲಾಗುವ ಹೊತ್ತಿಗೆ ಹಬ್ಬದ ವಿಶೇಷಗಳ ಬೆಂಗಳೂರಿನ ಸುಗ್ಗಿ ಹಿಂದೆ ಬಿದ್ದಿತ್ತು. ಊರಿನ ಕೈಗೆ ಸಿಕ್ಕ ಗೊಂಬೆ ಊರಿನ ನಾಲಗೆಗೆ ಸಿಗಲಿಲ್ಲ.

ಸರಕಾರ ಈ ಉದ್ಯಮವನ್ನು ಕಾಣದೆ ಇರಲಿಲ್ಲ. ಅನಿಮೇಷನ್, ದೃಶ್ಯಪರಿಣಾಮ, ಕಂಪ್ಯೂಟರ್ ಆಟ ಮತ್ತು ಕಾಮಿಕ್ಸುಗಳಿಗೆಂದು ಪ್ರತ್ಯೇಕ ನೀತಿಯನ್ನು ಭಾರತದಲ್ಲಿ ಮೊದಲು ರೂಪಿಸಿದ ರಾಜ್ಯ ಕರ್ನಾಟಕ, ಅದು 2012ರಲ್ಲಿ. ಶಾಲೆಗಳು ಹುಟ್ಟಿದವು, ತರುಣರು ಸಾಲ ಮಾಡಿ ಕಲಿತರು, ಕೆಲಸಗಳು ಬೆಳೆದವು. ಹೀಗಿರುವಲ್ಲಿ 2025ರ ಫೆಬ್ರವರಿ ಬಂದಿತು. ಪ್ಯಾರಿಸ್ಸಿನಲ್ಲಿ ಕೇಂದ್ರವಿದ್ದ ಟೆಕ್ನಿಕಲರ್ ಸಮೂಹ ಹಣವಿಲ್ಲದೆ ಕುಸಿಯಿತು. ಲಂಡನ್ನಿನಲ್ಲಿ, ಅಮೆರಿಕದಲ್ಲಿ, ಬೆಂಗಳೂರಿನಲ್ಲಿ ಒಂದೇ ವಾರದಲ್ಲಿ ದೀಪಗಳು ಆರಿದವು. ಬೆಂಗಳೂರೊಂದರಲ್ಲಿಯೇ ಸುಮಾರು 3,000 ಮಂದಿಗೆ ಕೆಲಸ ಹೋಯಿತು. ಸಿಂಹ, ಕರಡಿ, ರಕ್ಕಸರಿಗೆ ನಗು ಕಲಿಸಿದ್ದ ಸಂಸ್ಥೆ ತಿಂಗಳ ಸಂಬಳದ ಹೊತ್ತಿಗೆ ಇಲ್ಲವಾಯಿತು. ಬಾಡಿಗೆ, ಸಾಲದ ಕಂತು, ಊರಿಗೆ ಕಳುಹಿಸುವ ಹಣ, ಇವುಗಳಿಗೆ ಕಲ್ಪನಾಲೋಕದ ಕಥೆಯಲ್ಲಿ ಉತ್ತರ ಇರುವುದಿಲ್ಲ.

ದೋಷ ಯಾರದೆಂದು ತೀರ್ಮಾನಿಸುವುದು ಈ ಲೇಖನದ ಕೆಲಸವಲ್ಲ. ಆದರೆ ಚರಿತ್ರೆಯ ಒಂದು ಪಾಠವನ್ನು ಮಾತ್ರ ಗಮನಿಸಬೇಕು. ಅದೇ 2025ರ ಜನವರಿಯಲ್ಲಿ, ಎಂದರೆ ಸರಿಯಾಗಿ ಒಂದು ತಿಂಗಳ ಹಿಂದೆ, ಕೊಪ್ಪಳ ಜಿಲ್ಲೆಯ ಮೊರನಾಳದ ತೊಗಲುಗೊಂಬೆಯ ಕಲಾವಿದೆ, 96 ವರ್ಷದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾಗಿತ್ತು. ಈ ಎರಡು ಸುದ್ದಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಭೀಮವ್ವನವರು ಹಣದಲ್ಲಿ ಶ್ರೀಮಂತರೆಂದು ಯಾರೂ ಹೇಳಲಾರರು. ತೊಗಲುಗೊಂಬೆಯವರ ಬಾಳು ಕಷ್ಟದ್ದೇ. ಆದರೆ ಗೊಂಬೆ ಅವರದು, ಹಾಡು ಅವರದು, ಕಥೆ ಅವರ ಜನದ್ದು. ಯಾವ ಪಟ್ಟಣದ ಯಾವ ಕಚೇರಿ ಮುಚ್ಚಿದರೂ ಅವರ ರಾಮ ರಾವಣರು ಅವರ ಪೆಟ್ಟಿಗೆಯಲ್ಲಿಯೇ ಇರುತ್ತಾರೆ. ವೈಟ್‌ಫೀಲ್ಡಿನ ಅನಿಮೇಟರನ ಕೈಚಳಕ ಎಷ್ಟೇ ದೊಡ್ಡದಾಗಿರಲಿ, ಅವನು ಆಡಿಸಿದ ಗೊಂಬೆ ಅವನದಲ್ಲ. ಹಬ್ಬ ಮುಗಿದೊಡನೆ ಪೆಟ್ಟಿಗೆ ಬೇರೆಯವರ ಅಟ್ಟಕ್ಕೆ ಸೇರುತ್ತದೆ. ಮೊಚಿನಾಗರ ಕಾಲದಿಂದಲೂ ಹಬ್ಬದ ವಿಶೇಷಗಳ ಒಳಗುಟ್ಟು ಇದೇ: ಗೆಳೆಯರು ಒಬ್ಬರ ಆಸ್ತಿ, ಅವರನ್ನು ಕರೆತರುವ ಕೈ ಇನ್ನೊಬ್ಬರದು.

ಈ ಮಾತು ಒಂದೇ ದಿಕ್ಕಿನಲ್ಲಿ ಹರಿಯುವುದಲ್ಲ ಎಂಬುದನ್ನೂ ಹೇಳಬೇಕು. ನಮ್ಮ ರಾಮನ ಕಥೆಯನ್ನು ಪೂರ್ಣಪ್ರಮಾಣದ ಅನಿಮೇಷನ್ ಆಗಿ 1990ರ ದಶಕದ ಆದಿಯಲ್ಲಿ ತಂದವರು ಜಪಾನಿನ ಯೂಗೊ ಸಾಕೊ. ಅವರಿಗೆ ಜೊತೆಯಾದವರು ಭಾರತದ ರಾಮ್ ಮೋಹನ್. ಆ ರಾಮ್ ಮೋಹನರು ವಿದ್ಯೆ ಕಲಿತದ್ದು 1956ರಲ್ಲಿ, ಮುಂಬಯಿಯ ಫಿಲ್ಮ್ಸ್ ಡಿವಿಷನ್ನಿನಲ್ಲಿ, ಡಿಸ್ನಿ ಚಿತ್ರಶಾಲೆಯಿಂದ ಬಂದ ಕ್ಲೇರ್ ವೀಕ್ಸ್ ಎಂಬ ಅಮೆರಿಕದ ಗುರುವಿನ ಬಳಿ. ಆ ತಂಡ 1957ರಲ್ಲಿ ತಯಾರಿಸಿದ್ದು ಜಾತಕ ಕಥೆಯ ಜಿಂಕೆಯನ್ನು ಕುರಿತ ಚಿತ್ರ. ಕಲಿಸಿದವನು ಪರದೇಶಿಯಾದರೂ ಮೊದಲ ಪಾಠಕ್ಕೆ ಆರಿಸಿದ್ದು ನಮ್ಮ ಕಥೆ. ವಿದ್ಯೆಗೆ ಗಡಿಯಿಲ್ಲ. ಗಡಿ ಇರುವುದು ಒಡೆತನಕ್ಕೆ.

ಹಾಗಾದರೆ ಬೆಂಗಳೂರಿನ ಕೈಗಳು ತಮ್ಮ ಗೆಳೆಯರನ್ನು ತಾವೇ ಕರೆತರಲು ಪ್ರಯತ್ನಿಸಿಲ್ಲವೆ? ಪ್ರಯತ್ನಿಸಿವೆ. ಕನ್ನಡ ಶಾಲೆಗೆ ಹೋದ ಯಾವ ಮಗುವಿಗೂ ಗುರುತಿರುವ ಹಸು ಪುಣ್ಯಕೋಟಿ. ಕೊಟ್ಟ ಮಾತಿಗೆ ತಪ್ಪದೆ ಹುಲಿಯ ಬಳಿಗೆ ಮರಳಿ ಹೋದ ಆ ಹಸುವಿಗಿಂತ ಹಳೆಯ ಗೆಳತಿ ನಮಗಿನ್ನಾರು? ಬೆಂಗಳೂರಿನ ರವಿಶಂಕರ್ ಅವರು ಜನರಿಂದ ಹಣ ಕೂಡಿಸಿ, ನಾನಾ ಊರುಗಳಲ್ಲಿದ್ದ ಅನಿಮೇಟರುಗಳನ್ನು ಒಂದುಗೂಡಿಸಿ, ಅವಳ ಕಥೆಯನ್ನು ಚಿತ್ರವಾಗಿಸಿದರು. 2020ರಲ್ಲಿ ಅದು ಬಿಡುಗಡೆಯಾಯಿತು, ಸಂಗೀತ ಇಳಯರಾಜರದು. ಆ ಚಿತ್ರದ ಭಾಷೆ ಸಂಸ್ಕೃತ. ಕನ್ನಡದ ಹಸು ಮರಳಿ ಬಂದಾಗ ಸಂಸ್ಕೃತದಲ್ಲಿ ಮಾತನಾಡಿತು ಎಂಬುದು ಒಂದು ಸೊಗಸೂ ಹೌದು, ಒಂದು ಕೊರತೆಯೂ ಹೌದು.

ಐದು ವರ್ಷಗಳ ತರುವಾಯ, 2025ರ ಜುಲೈ 25ರಂದು, ಅಶ್ವಿನ್ ಕುಮಾರರ ‘ಮಹಾವತಾರ್ ನರಸಿಂಹ’ ಬಿಡುಗಡೆಯಾಯಿತು. ಅದನ್ನು ಅರ್ಪಿಸಿದವರು ಬೆಂಗಳೂರಿನ ಹೊಂಬಾಳೆ ಸಂಸ್ಥೆಯವರು. ಬಂದ ಐದು ಭಾಷೆಗಳಲ್ಲಿ ಕನ್ನಡವೂ ಒಂದು. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜ್‌ಕುಮಾರರ ಹಿರಣ್ಯಕಶಿಪುವನ್ನೂ ಬಾಲಕ ಪುನೀತರ ಪ್ರಹ್ಲಾದನನ್ನೂ ಕಂಡಿದ್ದ ತಂದೆತಾಯಿಗಳು ತಮ್ಮ ಮಕ್ಕಳನ್ನು ಈ ಹೊಸ ನರಸಿಂಹನ ಮುಂದೆ ಕೂಡಿಸಿದರು. ಇದು ದಶಾವತಾರದ ಚಿತ್ರಸರಣಿಯ ಮೊದಲನೆಯದು, 2037ರವರೆಗೆ ಮುಂದಿನವು ಬರಲಿವೆ ಎಂದು ಆಗ ಪ್ರಕಟಿಸಲಾಗಿತ್ತು. ನಮ್ಮ ಗೊಂಬೆ ಮೆಟ್ಟಿಲಿನ ದಶಾವತಾರದ ಸಾಲೇ ಚಿತ್ರಸರಣಿಯಾಗುವ ಲಕ್ಷಣ ಇದು.

ಇನ್ನೂ ಹತ್ತಿರದ್ದೊಂದು ಉಂಟು. ಬನಶಂಕರಿಯಲ್ಲಿ ಅನುಪಮಾ ಹೊಸಕೆರೆಯವರು ಕಟ್ಟಿರುವ ‘ಧಾತು’ ಎಂಬ ಗೊಂಬೆಯಾಟದ ಸಂಸ್ಥೆ. ಮೇಲೆ ಹೇಳಿದ ರಂಗನಾಥರಾಯರ ಬಳಿ ಸೂತ್ರ-ಸಲಾಕೆಯ ವಿದ್ಯೆ ಕಲಿತ ಅವರು, ಕಾಳಿದಾಸನ ನಾಟಕದಿಂದ ವಿಜಯನಗರದ ವೈಭವದವರೆಗೆ ಗೊಂಬೆಗಳಿಂದ ಆಡಿಸಿದ್ದಾರೆ. ನವರಾತ್ರಿಯಲ್ಲಿ ಅಲ್ಲಿ ಕಥೆಗಳನ್ನು ಹೇಳುವ ಗೊಂಬೆಗಳ ದೊಡ್ಡ ಪ್ರದರ್ಶನ ನಡೆದುಬಂದಿದೆ. ಕೂರಿಸುವ ಗೊಂಬೆಯೂ ಆಡಿಸುವ ಗೊಂಬೆಯೂ ಒಂದೇ ಸೂರಿನಡಿ ಸೇರುವ ಸ್ಥಳ ನಮ್ಮ ಊರಿನಲ್ಲಿಯೇ ಇದೆ. ಕಂಪ್ಯೂಟರಿನ ಮುಂದೆ ಕುಳಿತು ಕೈ ಪಳಗಿಸಿಕೊಂಡ ಸಾವಿರಾರು ಮಂದಿಯೂ ಇದೇ ಊರಿನಲ್ಲಿದ್ದಾರೆ. ಇವರಿಬ್ಬರಿಗೆ ಪರಿಚಯ ಮಾಡಿಸುವವರು ಬೇಕಾಗಿದ್ದಾರೆ. ನವರಾತ್ರಿಯ ಒಂದು ಸಂಜೆ, ಅರ್ಧ ಗಂಟೆಯ ಕಾಲ, ನಮ್ಮ ಮನೆಗಳಿಗೆ ನಮ್ಮವೇ ಹಳೆಯ ಗೆಳೆಯರು ಕನ್ನಡ ಮಾತನಾಡುತ್ತ ಬರುವುದಾದರೆ, ಅದಕ್ಕೆ ಬೇಕಾದ ವಿದ್ಯೆಯಂತೂ ಹೊರಗಿನಿಂದ ತರಬೇಕಾದದ್ದಲ್ಲ. ಬೇಕಾದದ್ದು ಹಣ ಹೂಡುವ ಧೈರ್ಯ, ಮತ್ತು ನೋಡುವ ನಾವು.

ಅದಾಗುವವರೆಗೆ ತಮ್ಮಲ್ಲಿ ಒಂದು ಸಣ್ಣ ಕೋರಿಕೆ. ಮಕ್ಕಳೊಡನೆ ಕುಳಿತು ಇಂಥ ಚಿತ್ರ ನೋಡುವಾಗ, ಕಥೆ ಮುಗಿದೊಡನೆ ಪೆಟ್ಟಿಗೆಯನ್ನು ಆರಿಸಬೇಡಿ. ಸಣ್ಣ ಅಕ್ಷರದ ಹೆಸರುಗಳ ಸಾಲು ಮೇಲೇರುತ್ತ ಹೋಗುತ್ತದೆ. ಅದರ ನಡುವೆ ಎಲ್ಲೋ ಬೆಂಗಳೂರಿನ ಹೆಸರು ಬಂದೀತು, ಅದರ ಕೆಳಗೆ ನಮ್ಮ ಬೀದಿಗಳಲ್ಲಿ ಓಡಾಡುವವರ ಹೆಸರುಗಳು. ಮಕ್ಕಳಿಂದ ಅವನ್ನು ಗಟ್ಟಿಯಾಗಿ ಓದಿಸಿ. ಗೊಂಬೆಯಾಟದ ಮೇಳಗಳಲ್ಲಿ ಆಟ ಮುಗಿದ ಮೇಲೆ ಸೂತ್ರಧಾರನು ತೆರೆಯ ಮುಂದೆ ಬಂದು ಕೈಮುಗಿಯುವುದುಂಟು. ನೋಡಿದವರು ಆಗ ಎದ್ದು ಹೋಗುವುದಿಲ್ಲ.